ಮರ ಆಮೇಲೆ, ಕಬ್ಬಿಣ ಮೊದಲು: ಮಧ್ಯಮ ಬೆಲೆಯ ಡ್ರಮ್ ಕಿಟ್ ಆರಿಸುವುದು ಹೇಗೆ?

ಕಲಿಯೋಕೆ ಅಂತ ಕೊಂಡ ಮೊದಲ ಕಿಟ್ ಈಗ ಸಾಕಾಗುತ್ತಿಲ್ಲ. ದೊಡ್ಡ ಕಲಾವಿದರ ಹಿಂದೆ ಕಾಣುವ ಕಿಟ್‌ಗಳು ಕೈಗೆಟುಕುವುದಿಲ್ಲ. ಇವೆರಡರ ನಡುವಿನ ಸಾಲಿನಲ್ಲಿ ನಿಂತು ನೋಡಿದರೆ ಯಮಹಾ ಸ್ಟೇಜ್ ಕಸ್ಟಮ್, ಪರ್ಲ್ ಎಕ್ಸ್‌ಪೋರ್ಟ್, ಟಾಮಾ ಸೂಪರ್‌ಸ್ಟಾರ್ ಕ್ಲಾಸಿಕ್, ಪಿಡಿಪಿ ಕಾನ್ಸೆಪ್ಟ್ ಮೇಪಲ್, ಮೇಪೆಕ್ಸ್ ಆರ್ಮರಿ, ಗ್ರೆಚ್ ಕ್ಯಾಟಲಿನಾ, ಸೋನಾರ್ ಎಕ್ಯೂ2 ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಎಲ್ಲದಕ್ಕೂ ಹೊಗಳಿಕೆ ಇದೆ. ಯಾವುದು ತಗೋಬೇಕು ಅನ್ನುವುದೇ ಗೊತ್ತಾಗುವುದಿಲ್ಲ, ಅಲ್ವಾ?

ಹೆಚ್ಚಿನವರು ಇಲ್ಲಿ ಮೊದಲು ಕೇಳುವುದು ಮರದ ಬಗ್ಗೆ. ಬರ್ಚ್ ಒಳ್ಳೆಯದಾ, ಮೇಪಲ್ ಒಳ್ಳೆಯದಾ? ನಾನು ಆ ಪ್ರಶ್ನೆಯನ್ನು ಕೊನೆಗೆ ಇಡುತ್ತೇನೆ. ಈ ಬೆಲೆಯಲ್ಲಿ ಎಲ್ಲ ಕಂಪನಿಗಳೂ ಶೆಲ್, ಅಂದರೆ ಡ್ರಮ್‌ನ ಮರದ ಮೈ, ಚೆನ್ನಾಗಿಯೇ ಮಾಡುತ್ತವೆ. ವ್ಯತ್ಯಾಸ ಇರುವುದು ಶೆಲ್‌ನ ಅಂಚಿನಲ್ಲಿ, ಅದಕ್ಕೆ ಹಾಕಿರುವ ಕಬ್ಬಿಣದಲ್ಲಿ, ಮತ್ತು ಪೆಟ್ಟಿಗೆಯಲ್ಲಿ ಏನಿದೆ, ಏನಿಲ್ಲ ಅನ್ನುವುದರಲ್ಲಿ.

ಪೆಟ್ಟಿಗೆಯಲ್ಲಿ ಏನಿದೆ?

ಇದನ್ನು ಮೊದಲು ಓದಿ. ಎರಡು ಕಿಟ್‌ಗಳ ಬೆಲೆ ಹತ್ತಿರ ಹತ್ತಿರ ಇದ್ದರೂ ಒಂದು ಪೂರ್ತಿ ಕಿಟ್ ಆಗಿರಬಹುದು, ಇನ್ನೊಂದು ಬರೀ ಶೆಲ್ ಪ್ಯಾಕ್ ಆಗಿರಬಹುದು. ಶೆಲ್ ಪ್ಯಾಕ್ ಅಂದರೆ ಡ್ರಮ್‌ಗಳು ಮಾತ್ರ. ಪೆಡಲ್ ಇಲ್ಲ, ಹೈಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್) ಸ್ಟ್ಯಾಂಡ್ ಇಲ್ಲ, ಸಿಂಬಲ್ (ಲೋಹದ ತಟ್ಟೆ) ಸ್ಟ್ಯಾಂಡ್ ಇಲ್ಲ, ಕೂರುವ ಸ್ಟೂಲ್ ಇಲ್ಲ. ಕೆಲವು ಪ್ಯಾಕ್‌ಗಳಲ್ಲಿ ಸ್ನೇರ್ (ತಳದಲ್ಲಿ ತಂತಿಗಳಿರುವ ಡ್ರಮ್) ಕೂಡ ಇರುವುದಿಲ್ಲ. ಸಿಂಬಲ್ ಅಂತೂ ಈ ಮಟ್ಟದಲ್ಲಿ ಹೆಚ್ಚಾಗಿ ಬರುವುದೇ ಇಲ್ಲ.

ಹಳೆಯ ಕಿಟ್‌ನ ಸ್ಟ್ಯಾಂಡ್, ಪೆಡಲ್ ಗಟ್ಟಿಯಾಗಿದ್ದರೆ ಶೆಲ್ ಪ್ಯಾಕ್ ತಗೊಳ್ಳುವುದೇ ಜಾಣತನ, ಹಣ ಎಲ್ಲ ಡ್ರಮ್‌ಗೇ ಹೋಗುತ್ತದೆ. ಅವೂ ಅಲುಗಾಡುತ್ತಿದ್ದರೆ ಲೆಕ್ಕ ಬೇರೆ. ಆಗ ಒಂದು ಹಂತ ಕೆಳಗಿನ ಶೆಲ್ ಇದ್ದರೂ ಒಳ್ಳೆಯ ಹಾರ್ಡ್‌ವೇರ್ ಸಮೇತ ಬರುವ ಕಿಟ್ ನಿಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಸಿಂಬಲ್‌ಗೆ ಹಣ ಬೇರೆ ತೆಗೆದಿಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಸಾಧಾರಣ ಡ್ರಮ್‌ಗೆ ಹೊಸ ಹೆಡ್ (ಬಾಯಿಗೆ ಬಿಗಿಯುವ ಹಾಳೆ) ಹಾಕಿ, ಟ್ಯೂನ್ ಮಾಡಿ ಚೆನ್ನಾಗಿ ಕೇಳಿಸಬಹುದು. ಕೆಟ್ಟ ಸಿಂಬಲ್‌ಗೆ ಏನೂ ಮಾಡಲಾಗುವುದಿಲ್ಲ. ಅಗ್ಗದ ಸಿಂಬಲ್‌ಗಳು ಹಿತ್ತಾಳೆಯವು. ಮಧ್ಯದವು ಬಿ8 ಕಂಚು, ಅಂದರೆ ಅದರಲ್ಲಿ ಶೇ. 8 ತವರ. ಮೇಲಿನ ಮಟ್ಟದವು ಹೆಚ್ಚಾಗಿ ಬಿ20, ಶೇ. 20 ತವರ. ಬಿ8ರ ದನಿ ಚುರುಕಾಗಿ, ನೇರವಾಗಿ ಬರುತ್ತದೆ. ಬಿ20ರಲ್ಲಿ ಪದರ ಪದರವಾಗಿ ದನಿ ಬಿಚ್ಚಿಕೊಳ್ಳುತ್ತದೆ, ಮೆಲ್ಲಗೆ ಹೊಡೆದಾಗಲೂ ಹಿತವಾಗಿರುತ್ತದೆ. ಡ್ರಮ್‌ನಲ್ಲಿ ಒಂದು ಹಂತ ಇಳಿದು ಸಿಂಬಲ್‌ನಲ್ಲಿ ಒಂದು ಹಂತ ಏರುವುದಾದರೆ ಹಾಗೇ ಮಾಡಿ.

ಅಂಚು: ಕಣ್ಣಿಗೆ ಬೀಳದ, ಕಿವಿಗೆ ಬೀಳುವ ಭಾಗ

ಶೆಲ್‌ನ ಮೇಲೆ ಹೆಡ್ ಕೂರುವ ಅಂಚಿಗೆ ಬೇರಿಂಗ್ ಎಡ್ಜ್ ಅಂತಾರೆ. ಚೂಪಾಗಿ 45 ಡಿಗ್ರಿಗೆ ಕೊರೆದಿದ್ದರೆ ಹೆಡ್ ಶೆಲ್‌ಗೆ ತಾಗುವ ಜಾಗ ಕಡಿಮೆ. ಹಾಗಾಗಿ ಹೊಡೆತ ಚುರುಕು, ಗುಂಯ್ ಅನ್ನುವ ಉಳಿದನಿ ಜಾಸ್ತಿ. 30 ಡಿಗ್ರಿಗೆ ಕೊರೆದಿದ್ದರೆ ತಾಗುವ ಜಾಗ ಹೆಚ್ಚು. ದನಿ ಮೆತ್ತಗೆ, ಬೆಚ್ಚಗೆ, ಬೇಗ ಮುಗಿಯುತ್ತದೆ. ಮರದ ಹೆಸರಿಗಿಂತ ಇದು ದನಿಯನ್ನು ಜಾಸ್ತಿ ಬದಲಿಸುತ್ತದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕೋನ ಎಷ್ಟೇ ಇರಲಿ, ಅಂಚು ಸಮತಟ್ಟಾಗಿರಲೇಬೇಕು. ಪರೀಕ್ಷೆ ಸುಲಭ. ಟಾಮ್‌ನ (ಸ್ನೇರ್, ಬಾಸ್ ಬಿಟ್ಟು ಉಳಿದ ಡ್ರಮ್) ಎರಡೂ ಹೆಡ್ ಬಿಚ್ಚಿ. ಶೆಲ್ಲನ್ನು ಗಾಜಿನ ಮೇಜಿನ ಮೇಲೋ ನುಣುಪಾದ ಗ್ರಾನೈಟ್ ಮೇಲೋ ಬೋರಲು ಹಾಕಿ. ಕೋಣೆ ಕತ್ತಲು ಮಾಡಿ, ಮೇಲಿನಿಂದ ಒಳಗೆ ಟಾರ್ಚ್ ಬಿಡಿ. ಈಗ ನೆಲದ ಮಟ್ಟಕ್ಕೆ ಬಗ್ಗಿ ಅಂಚಿನ ಸುತ್ತ ನೋಡುತ್ತಾ ಹೋಗಿ. ಎಲ್ಲಿ ಬೆಳಕಿನ ಗೆರೆ ಹೊರಗೆ ಸೋರುತ್ತದೋ ಅಲ್ಲಿ ತಗ್ಗಿದೆ. ಆ ಜಾಗದ ಲಗ್ (ಹೆಡ್ ಬಿಗಿಯುವ ತಿರುಪಿನ ಹಿಡಿ) ಎಷ್ಟು ಬಿಗಿದರೂ ಹೆಡ್ ಸುಕ್ಕಾಗುತ್ತದೆ, ಇಲ್ಲವೇ ಅದರ ಸ್ವರ ಪಕ್ಕದ ಲಗ್‌ಗೆ ಹೊಂದುವುದಿಲ್ಲ. "ನನಗೆ ಟ್ಯೂನಿಂಗ್ ಬರೋದಿಲ್ಲ" ಅಂದುಕೊಂಡ ಎಷ್ಟೋ ಜನರ ಕಿಟ್‌ನಲ್ಲಿ ನಿಜವಾದ ದೋಷ ಇರುವುದು ಇಲ್ಲೇ. ಅಂಗಡಿಯಲ್ಲಿ ಹೆಡ್ ಬಿಚ್ಚಲು ಬಿಡದಿದ್ದರೆ ಕಿಟ್ ಮನೆಗೆ ಬಂದ ದಿನವೇ ನೋಡಿ, ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ.

ಕಬ್ಬಿಣ

ಹಾರ್ಡ್‌ವೇರ್ ನೋಡುವಾಗ ಹೊಳಪು ನೋಡಬೇಡಿ, ಕೈಯಿಂದ ಅಲುಗಾಡಿಸಿ. ಸ್ಟ್ಯಾಂಡ್ ಕಾಲುಗಳಲ್ಲಿ ಒಂದೊಂದಕ್ಕೆ ಒಂದೇ ಪಟ್ಟಿ ಇದ್ದರೆ ಸಿಂಗಲ್ ಬ್ರೇಸ್, ಎರಡಿದ್ದರೆ ಡಬಲ್ ಬ್ರೇಸ್. ಡಬಲ್ ಬ್ರೇಸ್ ಗಟ್ಟಿ, ಆದರೆ ಭಾರ. ವಾರ ವಾರ ಕಿಟ್ ಹೊತ್ತು ಓಡಾಡುವವರಿಗೆ ಆ ಭಾರವೇ ಒಂದು ತೊಂದರೆ. ಜೋರಾಗಿ ಹೊಡೆಯದವರಿಗೆ ಒಳ್ಳೆಯ ಸಿಂಗಲ್ ಬ್ರೇಸ್ ಸಾಕು.

ಕೊಳವೆಯೊಳಗೆ ಕೊಳವೆ ಇಳಿಯುವ ಕಡೆ ನೈಲಾನ್ ಬುಷ್ ಇದೆಯೇ ನೋಡಿ. ಇಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ ಹಿಡಿತ ಸಡಿಲವಾಗುತ್ತದೆ. ಮೆಮರಿ ಲಾಕ್ (ಕೊಳವೆಯ ಎತ್ತರ ಗುರುತಿಟ್ಟು ಹಿಡಿಯುವ ಬಳೆ) ಇದ್ದರೆ ಪ್ರತಿ ಸಲ ಎತ್ತರ ಹುಡುಕುವ ಕೆಲಸ ತಪ್ಪುತ್ತದೆ. ರೆಕ್ಕೆ ನಟ್ ತಿರುಗಿಸಿ: ಒಂದೇ ಸಮನೆ ಬಿಗಿಯಾಗಬೇಕು, ಕಚ್ಚಿ ಕಚ್ಚಿ ಅಲ್ಲ.

ಪೆಡಲ್ ಬಗ್ಗೆ ಒಂದೇ ಮಾತು. ಕಾಲಿಡುವ ಹಲಗೆಯನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಹೊಸ ಪೆಡಲ್ಲಿನಲ್ಲೇ ಆಟ ಇದ್ದರೆ ಆರು ತಿಂಗಳಿಗೆ ಅದು ಸದ್ದು ಮಾಡಲು ಶುರು ಮಾಡುತ್ತದೆ. ನಿಮ್ಮ ದೇಹ ಕಿಟ್ ಜೊತೆ ಸದಾ ಸಂಪರ್ಕದಲ್ಲಿರುವುದು ಪೆಡಲ್, ಹೈಹ್ಯಾಟ್ ಸ್ಟ್ಯಾಂಡ್, ಸ್ಟೂಲ್ ಈ ಮೂರು ಕಡೆ. ಇಲ್ಲಿ ಜಿಪುಣತನ ಬೇಡ.

ಇನ್ನು ಡ್ರಮ್ ಮೇಲಿನ ಕಬ್ಬಿಣ. ಹೂಪ್ (ಹೆಡ್ ಅನ್ನು ಒತ್ತಿ ಹಿಡಿಯುವ ಬಳೆ) ಮಡಿಚಿದ ಉಕ್ಕಿನದ್ದಾದರೆ 1.6 ಮಿ.ಮೀ. ದಪ್ಪವೋ 2.3 ಮಿ.ಮೀ. ದಪ್ಪವೋ ಕೇಳಿ. 2.3 ಇದ್ದರೆ ಬಾಗುವುದು ಕಡಿಮೆ, ಟ್ಯೂನ್ ನಿಲ್ಲುತ್ತದೆ, ರಿಮ್‌ಶಾಟ್ (ಹೆಡ್, ಹೂಪ್ ಎರಡಕ್ಕೂ ಒಟ್ಟಿಗೆ ಬೀಳುವ ಹೊಡೆತ) ಗಟ್ಟಿಯಾಗಿ ಬರುತ್ತದೆ. ತೆಳು ಹೂಪ್‌ನ ದನಿ ಸ್ವಲ್ಪ ಬಿಚ್ಚು, ಅದೂ ಕೆಲವರಿಗೆ ಇಷ್ಟವೇ. ಟಾಮ್‌ಗಳನ್ನು ತೂಗುಹಾಕಿರುವ ಬಗೆಯೂ ಮುಖ್ಯ. ಹಳೆಯ ರೀತಿಯಲ್ಲಿ ಶೆಲ್‌ಗೆ ತೂತು ಕೊರೆದು ಕೊಳವೆ ತೂರಿಸುತ್ತಿದ್ದರು. ಈಗಿನ ಮಧ್ಯಮ ಕಿಟ್‌ಗಳಲ್ಲಿ ಶೆಲ್ ಆದಷ್ಟು ಮುಕ್ತವಾಗಿ ನಿಲ್ಲುವ ಹಾಗೆ ಹಿಡಿಕೆ ಇರುತ್ತದೆ. ಅದಕ್ಕೇ ಈ ಕಿಟ್‌ಗಳ ಟಾಮ್ ಹಳೆಯವುಗಳಿಗಿಂತ ಹೆಚ್ಚು ಹೊತ್ತು ಹಾಡುತ್ತವೆ. ಫ್ಲೋರ್ ಟಾಮ್ (ಕಾಲುಗಳ ಮೇಲೆ ನೆಲದಲ್ಲಿ ನಿಲ್ಲುವ ಟಾಮ್) ಬಾರಿಸಿ, ಆಮೇಲೆ ಅದನ್ನು ನೆಲದಿಂದ ಕೂದಲೆಳೆ ಎತ್ತಿ ಹಿಡಿದು ಮತ್ತೆ ಬಾರಿಸಿ. ಎರಡರ ನಡುವೆ ಉಳಿದನಿಯಲ್ಲಿ ತುಂಬಾ ವ್ಯತ್ಯಾಸ ಕೇಳಿದರೆ ಕಾಲುಗಳ ರಬ್ಬರ್ ಚೆನ್ನಾಗಿಲ್ಲ ಅಂತ ಅರ್ಥ. ಅದೃಷ್ಟಕ್ಕೆ ಅದನ್ನು ಸುಲಭವಾಗಿ ಬದಲಿಸಬಹುದು.

ಅಳತೆ, ಆಮೇಲೆ ಮರ

ಬಾಸ್ ಡ್ರಮ್ 22 ಇಂಚು, ಟಾಮ್ 12, 13, 16 ಇದ್ದರೆ ರಾಕ್ ಅಳತೆ. 22 ಅಥವಾ 20ರ ಜೊತೆ 10, 12, 14 ಅಥವಾ 16 ಇದ್ದರೆ ಫ್ಯೂಷನ್. 18ರ ಬಾಸ್, 12, 14 ಟಾಮ್ ಇದ್ದರೆ ಬಾಪ್ ಅಥವಾ ಜಾಜ್ ಅಳತೆ. ಯಾವ ಸಂಗೀತ, ಎಂಥ ಜಾಗ, ಎಷ್ಟು ದೊಡ್ಡ ಗಾಡಿ ಅನ್ನುವುದು ಇದನ್ನು ತೀರ್ಮಾನಿಸುತ್ತದೆ. ಎಲ್ಲದಕ್ಕೂ ಒಂದೇ ಕಿಟ್ ಬೇಕು ಅನ್ನುವವರಿಗೆ 20 ಇಂಚಿನ ಬಾಸ್ ಇರುವ ಫ್ಯೂಷನ್ ಅಳತೆಯೇ ನನ್ನ ಆಯ್ಕೆ. ಜೋರು ಬೇಕೆಂದಾಗ ಜೋರು, ಚಿಕ್ಕ ಕೋಣೆಯಲ್ಲೂ ಕಿವಿ ಒಡೆಯುವುದಿಲ್ಲ.

ಮರಗಳ ಗುಣ ಚುಟುಕಾಗಿ: ಬರ್ಚ್‌ನಲ್ಲಿ ಹೊಡೆತ ಎದ್ದು ಕೇಳುತ್ತದೆ, ಉಳಿದನಿ ಬೇಗ ಮುಗಿಯುತ್ತದೆ, ಹಾಗಾಗಿ ಮೈಕ್ ಮುಂದೆ ಸುಲಭ. ಮೇಪಲ್ ದನಿ ಮೇಲೂ ಕೆಳಗೂ ಸಮವಾಗಿ, ದುಂಡಗೆ ಇರುತ್ತದೆ. ಮಹಾಗನಿಯಲ್ಲಿ ಕೆಳಗಿನ ದನಿ ತುಂಬಿ ಬರುತ್ತದೆ. ಪಾಪ್ಲರ್ ಇವುಗಳ ನಡುವೆ ಎಲ್ಲೋ ನಿಲ್ಲುವ, ಬೆಲೆ ಕಡಿಮೆಯ ಮರ. ಅದನ್ನು ಕೀಳಾಗಿ ನೋಡುವುದು ಸರಿಯಲ್ಲ. ಒಳ್ಳೆಯ ಹೆಡ್ ಹಾಕಿದ ಪಾಪ್ಲರ್ ಕಿಟ್, ಸವೆದ ಹೆಡ್ ಇರುವ ಮೇಪಲ್ ಕಿಟ್‌ಗಿಂತ ಯಾವತ್ತೂ ಚೆನ್ನಾಗಿ ಕೇಳುತ್ತದೆ.

ಈಗ ಒಂದೊಂದಾಗಿ

*ಯಮಹಾ ಸ್ಟೇಜ್ ಕಸ್ಟಮ್ ಬರ್ಚ್.* ಆರು ಪದರ, ಪೂರ್ತಿ ಬರ್ಚ್. ಕಣ್ಣು ಮುಚ್ಚಿ ಒಂದು ಹೆಸರು ಹೇಳು ಅಂದರೆ ನಾನು ಹೇಳುವುದು ಇದನ್ನೇ. ಕಾರಣ ದನಿ ಒಂದೇ ಅಲ್ಲ, ಕೆಲಸದ ಅಚ್ಚುಕಟ್ಟು. ಒಂದು ಡ್ರಮ್‌ಗೂ ಇನ್ನೊಂದಕ್ಕೂ ಗುಣದಲ್ಲಿ ಏರುಪೇರು ಕಡಿಮೆ. ಟಾಮ್‌ಗಳಿಗೆ ಯೆಸ್ ಅನ್ನುವ ಹಿಡಿಕೆ, ಶೆಲ್‌ಗೆ ತಾಗುವ ಜಾಗ ಆದಷ್ಟು ಕಡಿಮೆ ಇರುವ ಹಾಗೆ ಮಾಡಿದ್ದು. ಅದರ ಆರು ಮೂಲೆಯ ಸರಳು ಮತ್ತು ಚೆಂಡಿನ ಕೀಲು ಯಮಹಾದ ದುಬಾರಿ ಕಿಟ್‌ಗಳ ಮಾದರಿಯದ್ದೇ. ಟಾಮ್ ಒಮ್ಮೆ ಕೂರಿಸಿದರೆ ಹೊಡೆತಕ್ಕೆ ತಿರುಗುವುದಿಲ್ಲ. ರೆಕಾರ್ಡಿಂಗ್ ಮಾಡುವವರಿಗೆ, ಬೇರೆ ಬೇರೆ ವೇದಿಕೆಯಲ್ಲಿ ಮೈಕ್ ಹಾಕಿ ಬಾರಿಸುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಕೊರತೆ ಅಂದರೆ, ಹೆಚ್ಚಾಗಿ ಶೆಲ್ ಪ್ಯಾಕ್ ಆಗಿ ಸಿಗುತ್ತದೆ, ಹಾರ್ಡ್‌ವೇರ್ ಬೇರೆ ಲೆಕ್ಕ. ಮೈಕ್ ಇಲ್ಲದ ಕೋಣೆಯಲ್ಲಿ ಮೇಪಲ್‌ನ ತುಂಬುದನಿ ಬಯಸುವವರಿಗೆ ಇದು ಸ್ವಲ್ಪ ಒಣಗಿದಂತೆ ಅನ್ನಿಸಬಹುದು.

*ಪರ್ಲ್ ಎಕ್ಸ್‌ಪೋರ್ಟ್.* 1982ರಲ್ಲಿ ಬಂದ ಹೆಸರು. ನಡುವೆ ಕೆಲವು ವರ್ಷ ನಿಂತು 2013ರಲ್ಲಿ ಮತ್ತೆ ಶುರುವಾಯಿತು. ಈಗಿನದು ಆರು ಪದರದ ಪಾಪ್ಲರ್ ಮತ್ತು ಏಷ್ಯನ್ ಮಹಾಗನಿ ಮಿಶ್ರಣ. ಮರದ ಪಟ್ಟಿಯಲ್ಲಿ ಇದು ಹಿಂದೆ ಬೀಳುತ್ತದೆ. ಆದರೆ ಇದರ ಬಲ ಇರುವುದು ಹಾರ್ಡ್‌ವೇರ್‌ನಲ್ಲಿ. 830 ಸರಣಿಯ ಸ್ಟ್ಯಾಂಡ್‌ಗಳು ಕಿಟ್ ಜೊತೆಗೇ ಬರುತ್ತವೆ, ಡಬಲ್ ಬ್ರೇಸ್, ಗಟ್ಟಿಮುಟ್ಟು. ಆಪ್ಟಿ-ಲಾಕ್ ಹಿಡಿಕೆ ಟಾಮ್ ಅನ್ನು ಭದ್ರವಾಗಿ ಹಿಡಿಯುತ್ತದೆ, ಶೆಲ್‌ಗೆ ತೂತಿಲ್ಲ. ಕೈಯಲ್ಲಿ ಏನೂ ಇಲ್ಲದೆ ಶುರು ಮಾಡುವವರಿಗೆ, ಶಾಲೆ, ಪ್ರಾರ್ಥನಾ ಮಂದಿರ, ಅಭ್ಯಾಸದ ಕೋಣೆಯಂಥ ಹಲವು ಕೈ ತಾಗುವ ಜಾಗಗಳಿಗೆ ಇದಕ್ಕಿಂತ ನಂಬಿಕೆಯ ಆಯ್ಕೆ ಕಷ್ಟ. ದನಿ ಗುಡುಗಿನಂತೆ ತುಂಬು, ರಾಕ್‌ಗೆ ಒಗ್ಗುತ್ತದೆ. ಸೂಕ್ಷ್ಮವಾಗಿ ಬಾರಿಸುವವರಿಗೆ ಸ್ನೇರ್ ಸ್ವಲ್ಪ ಮಂಕು ಅನ್ನಿಸಬಹುದು, ಮುಂದೆ ಬದಲಿಸಿಕೊಳ್ಳಬಹುದು.

*ಟಾಮಾ.* ಇಲ್ಲಿ ಎರಡು ಹೆಸರು ಗೊಂದಲ ಮಾಡುತ್ತವೆ. ಇಂಪೀರಿಯಲ್‌ಸ್ಟಾರ್ ಪಾಪ್ಲರ್ ಶೆಲ್‌ನದ್ದು, ಹಾರ್ಡ್‌ವೇರ್ ಮತ್ತು ಮೈನ್ಲ್ ಎಚ್‌ಸಿಎಸ್ ಸಿಂಬಲ್ ಸಮೇತ ಬರುತ್ತದೆ. ಆ ಸಿಂಬಲ್ ಹಿತ್ತಾಳೆಯವು, ಶುರುವಿಗೆ ಸಾಕು, ಉಳಿಸಿಕೊಳ್ಳುವಂಥವಲ್ಲ. ಸೂಪರ್‌ಸ್ಟಾರ್ ಕ್ಲಾಸಿಕ್ ಪೂರ್ತಿ ಮೇಪಲ್, ತೆಳು ಶೆಲ್, ಸ್ಟಾರ್-ಮೌಂಟ್ ಹಿಡಿಕೆ. ಏಳು ಡ್ರಮ್‌ಗಳ ಪ್ಯಾಕ್‌ನಲ್ಲಿ 8, 10, 12, 14, 16 ಇಂಚಿನ ಟಾಮ್‌ಗಳು, 22ರ ಬಾಸ್, 14ರ ಸ್ನೇರ್ ಸಿಗುತ್ತವೆ. ಡ್ರಮ್‌ಗಳ ಸಂಖ್ಯೆಗೆ ಹೋಲಿಸಿದರೆ ಇದು ಭಾರೀ ಲಾಭ. ಆದರೆ ಏಳೂ ನಿಮಗೆ ನಿಜವಾಗಿ ಬೇಕಾ? ಎರಡು ಟಾಮ್ ಬಿಚ್ಚಿ ಮೂಲೆಗಿಡುವುದಾದರೆ ಸುಮ್ನೆ ಅದಕ್ಕೆ ದುಡ್ಡು ಕೊಟ್ಟಂತಾಯಿತು. ಮೆಟಲ್, ಪ್ರೋಗ್ರೆಸಿವ್ ಬಾರಿಸುವವರಿಗೆ ಮಾತ್ರ ಆ ಪ್ಯಾಕ್ ಚಿನ್ನ.

*ಪಿಡಿಪಿ ಕಾನ್ಸೆಪ್ಟ್ ಮೇಪಲ್.* ಡಿಡಬ್ಲ್ಯೂ ಕಂಪನಿಯ ಮಧ್ಯಮ ಬೆಲೆಯ ಹೆಸರು ಪಿಡಿಪಿ. ಏಳು ಪದರದ ಮೇಪಲ್. ಇದರ ಟ್ರೂ-ಪಿಚ್ ಟೆನ್ಷನ್ ರಾಡ್‌ಗಳ (ಹೆಡ್ ಬಿಗಿಯುವ ತಿರುಪು ಸರಳುಗಳು) ಮರೆ, ಅಂದರೆ ತಿರುಪಿನ ಗೆರೆ, ಸಾಮಾನ್ಯಕ್ಕಿಂತ ನವಿರು. ಕೀ ಒಂದು ಸುತ್ತು ತಿರುಗಿಸಿದಾಗ ಬಿಗಿ ಸ್ವಲ್ಪವೇ ಏರುತ್ತದೆ, ಹಾಗಾಗಿ ನಿಖರವಾಗಿ ಟ್ಯೂನ್ ಮಾಡಬಹುದು, ಮಾಡಿದ್ದು ನಿಲ್ಲುತ್ತದೆ. ಟ್ಯೂನಿಂಗ್‌ನಲ್ಲಿ ಆಸಕ್ತಿ ಇರುವವರಿಗೆ ಇದು ದಿನವೂ ಕೈಗೆ ತಿಳಿಯುವ ಸುಖ. ಬೆಲೆ ತೆರುವುದು ಎಲ್ಲಿ ಅಂದರೆ, ರಾಡ್ ಕಳೆದರೆ ಬೇರೆ ಕಿಟ್‌ನ ಮಾಮೂಲಿ ರಾಡ್ ಇದಕ್ಕೆ ಕೂರುವುದಿಲ್ಲ. ಕಿಟ್ ಜೊತೆಗೇ ನಾಲ್ಕು ಹೆಚ್ಚುವರಿ ರಾಡ್ ತಗೊಂಡಿಡಿ. ಮೇಪಲ್ ದನಿಯೇ ಬೇಕು, ಸ್ಟ್ಯಾಂಡ್ ಆಗಲೇ ಇವೆ ಅನ್ನುವವರಿಗೆ ನನ್ನ ಮೊದಲ ಸಲಹೆ ಇದು.

*ಮೇಪೆಕ್ಸ್ ಆರ್ಮರಿ.* ಬರ್ಚ್, ಮೇಪಲ್ ಎರಡೂ ಸೇರಿದ ಶೆಲ್. ಅಂಚನ್ನು ಸ್ವಲ್ಪ ದುಂಡಗೆ ಮಾಡಿದ್ದಾರೆ, ಹೆಡ್ ಸಲೀಸಾಗಿ ಕೂರುತ್ತದೆ, ಬೇಗ ಟ್ಯೂನ್ ಆಗುತ್ತದೆ. ಇದರ ವಿಶೇಷ ಸ್ನೇರ್. ಉಳಿದ ಡ್ರಮ್‌ಗಳ ಮರದ್ದೇ ಒಂದು ಸ್ನೇರ್ ಕೊಟ್ಟು ಕೈತೊಳೆದುಕೊಳ್ಳದೆ, ಟಾಮಾಹಾಕ್ ಅನ್ನುವ ಉಕ್ಕಿನ ಸ್ನೇರ್ ಕೊಡುತ್ತಾರೆ. ಗಿಟಾರ್‌ಗಳ ಗದ್ದಲದಲ್ಲೂ ಎದ್ದು ಕೇಳುತ್ತದೆ. ಬೇರೆ ಕಿಟ್ ಕೊಂಡವರು ವರ್ಷದೊಳಗೆ ಹುಡುಕುವ ಎರಡನೇ ಸ್ನೇರ್ ಇಲ್ಲಿ ಮೊದಲೇ ಸಿಗುತ್ತದೆ. ಬ್ಯಾಂಡ್‌ನಲ್ಲಿ ಬಾರಿಸುವವರು ಈ ಹೆಸರನ್ನು ಪಟ್ಟಿಯಿಂದ ಬಿಡಬೇಡಿ.

*ಗ್ರೆಚ್ ಕ್ಯಾಟಲಿನಾ ಕ್ಲಬ್ ಮತ್ತು ಸೋನಾರ್ ಎಕ್ಯೂ2.* ಚಿಕ್ಕ ಕಿಟ್ ಬೇಕಾದವರಿಗೆ ಈ ಎರಡು. ಕ್ಯಾಟಲಿನಾ ಕ್ಲಬ್ ಏಳು ಪದರದ ಮಹಾಗನಿ, 30 ಡಿಗ್ರಿ ಅಂಚು. ಜಾಜ್ ಅಳತೆಯಲ್ಲಿ 18 ಇಂಚಿನ ಬಾಸ್. ದನಿ ಬೆಚ್ಚಗೆ, ಹಳೆಯ ಕಾಲದ ರೆಕಾರ್ಡ್‌ಗಳ ನೆನಪು ತರುವಂಥದ್ದು. ಎಕ್ಯೂ2 ಮೇಪಲ್, ಅದರ ಬಾಪ್ ಅಳತೆಯಲ್ಲಿ 18ರ ಬಾಸ್, ಸಫಾರಿಯಲ್ಲಿ 16, ಮಾರ್ಟಿನಿಯಲ್ಲಿ ಬರೀ 14. ಸಫಾರಿಯನ್ನು ಚಿಕ್ಕ ಕಾರಿನ ಹಿಂದಿನ ಸೀಟಿನಲ್ಲಿ ತುಂಬಿಕೊಂಡು ಹೋಗಬಹುದು. ದನಿ ಮಾತ್ರ ಆಟಿಕೆಯದ್ದಲ್ಲ.

ಚಿಕ್ಕ ಬಾಸ್ ಡ್ರಮ್‌ಗಳಲ್ಲಿ ಒಂದು ವಿಷಯ ತಿಳಿದಿರಲಿ. ಪೆಡಲ್‌ನ ಬೀಟರ್ ಹೆಡ್‌ನ ನಡುವಿಗೆ ಬಡಿಯುವ ಬದಲು ಮೇಲ್ಭಾಗಕ್ಕೆ ಬಡಿಯುತ್ತದೆ. ಡ್ರಮ್ಮನ್ನು ಸ್ವಲ್ಪ ಮೇಲೆತ್ತುವ ರೈಸರ್ ಹಾಕಿದರೆ ಸರಿಹೋಗುತ್ತದೆ. ಅದು ಕಿಟ್ ಜೊತೆ ಬರುತ್ತದೋ ಇಲ್ಲವೋ ಕೇಳಿ. ಇನ್ನೊಂದು, 18 ಇಂಚಿನ ಬಾಸ್‌ನಿಂದ ಹೆವಿ ರಾಕ್‌ನ ಗುದ್ದು ನಿರೀಕ್ಷಿಸಬೇಡಿ. ಅದರ ಸ್ವಭಾವ ಬೇರೆ, ಟಾಮ್‌ನ ಹಾಗೆ ಸ್ವರದಲ್ಲಿ ಹಾಡುತ್ತದೆ.

ಹಾಗಾದರೆ ನಿಮಗೆ ಯಾವುದು?

ಸ್ಟ್ಯಾಂಡ್, ಪೆಡಲ್ ಏನೂ ಇಲ್ಲ, ಹಣ ಬಿಗಿ: ಎಕ್ಸ್‌ಪೋರ್ಟ್. ಅದಕ್ಕೂ ಕಡಿಮೆಗೆ ಬೇಕಾದರೆ ಇಂಪೀರಿಯಲ್‌ಸ್ಟಾರ್, ಆದರೆ ಸಿಂಬಲ್ ಬದಲಿಸುವ ಖರ್ಚು ಮುಂದೆ ಇದ್ದೇ ಇದೆ. ಹಾರ್ಡ್‌ವೇರ್ ಇದೆ, ಮೈಕ್ ಮುಂದೆ ಬಾರಿಸುತ್ತೀರಿ: ಸ್ಟೇಜ್ ಕಸ್ಟಮ್. ಮೈಕ್ ಇಲ್ಲದೆ ಕೋಣೆ ತುಂಬಬೇಕು: ಕಾನ್ಸೆಪ್ಟ್ ಮೇಪಲ್ ಅಥವಾ ಸೂಪರ್‌ಸ್ಟಾರ್ ಕ್ಲಾಸಿಕ್. ಜೋರು ಬ್ಯಾಂಡ್, ಒಳ್ಳೆಯ ಸ್ನೇರ್ ಈಗಲೇ ಬೇಕು: ಆರ್ಮರಿ. ಜಾಗ ಚಿಕ್ಕದು, ಓಡಾಟ ಜಾಸ್ತಿ: ಎಕ್ಯೂ2. ಜಾಜ್ ಮೇಲೆ ಪ್ರೀತಿ: ಕ್ಯಾಟಲಿನಾ ಕ್ಲಬ್.

ಎರಡರ ನಡುವೆ ಇನ್ನೂ ತೂಗಾಡುತ್ತಿದ್ದರೆ, ಯಾವುದು ಕೊಂಡಮೇಲೆ ಹೊಸ ಹೆಡ್‌ಗೆ ಹಣ ಉಳಿಯುತ್ತದೋ ಅದನ್ನೇ ತಗೊಳ್ಳಿ. ಮಧ್ಯಮ ಬೆಲೆಯ ಬಹಳಷ್ಟು ಕಿಟ್‌ಗಳಲ್ಲಿ ಕಾರ್ಖಾನೆಯಿಂದ ಬರುವ ಹೆಡ್‌ಗಳು, ಉದಾಹರಣೆಗೆ ರೆಮೋ ಯುಟಿ, ಅದೇ ಕಂಪನಿಯ ಮೇಲ್ಮಟ್ಟದ ಹೆಡ್‌ಗಳಿಗೆ ಸಮವಲ್ಲ. ಅಂಗಡಿಯಲ್ಲಿ ಎರಡು ಕಿಟ್‌ಗಳ ನಡುವೆ ನೀವು ಕೇಳುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಹೆಡ್‌ನದ್ದು, ಟ್ಯೂನಿಂಗ್‌ನದ್ದು. ಟಾಮ್‌ಗೆ ಒಂದೇ ಪದರದ ಹೆಡ್, ಅಂದರೆ ರೆಮೋ ಅಂಬಾಸಡರ್ ಅಥವಾ ಎವಾನ್ಸ್ ಜಿ1 ಹಾಕಿದರೆ ದನಿ ಬಿಚ್ಚಿ ಹಾಡುತ್ತದೆ. ಎರಡು ಪದರದ ಎಂಪರರ್ ಅಥವಾ ಜಿ2 ಹಾಕಿದರೆ ದನಿ ದಪ್ಪ, ಬಾಳಿಕೆ ಜಾಸ್ತಿ. ಎಲ್ಲಕ್ಕೂ ಒಟ್ಟಿಗೆ ಹಣ ಇಲ್ಲದಿದ್ದರೆ ಸ್ನೇರ್‌ನ ಮೇಲಿನ ಹೆಡ್ ಮೊದಲು, ಬಾಸ್‌ನ ಬಡಿಯುವ ಹೆಡ್ ಎರಡನೆಯದು, ಟಾಮ್‌ಗಳು ಕೊನೆಗೆ.

ಹಳೆಯದು ಕೊಳ್ಳುವುದಾದರೂ ಇವೇ ಹೆಸರುಗಳು ಚೆನ್ನಾಗಿ ನಿಲ್ಲುತ್ತವೆ. ಸ್ಟೇಜ್ ಕಸ್ಟಮ್, ಎಕ್ಸ್‌ಪೋರ್ಟ್ ತುಂಬಾ ಮಾರಾಟವಾಗಿರುವುದರಿಂದ ಬಿಡಿಭಾಗ ಹುಡುಕುವುದು ಕಷ್ಟವಲ್ಲ. ಮಾರುವವರ ಮುಂದೆಯೇ ಸ್ನೇರ್‌ನ ಥ್ರೋ-ಆಫ್ (ತಳದ ತಂತಿಗಳನ್ನು ತಾಗಿಸುವ, ಬಿಡಿಸುವ ಸನ್ನೆ) ಹತ್ತಾರು ಸಲ ಹಾಕಿ ತೆಗೆದು ನೋಡಿ, ತಾನಾಗಿಯೇ ಜಾರಬಾರದು. ಪ್ರತಿ ಟೆನ್ಷನ್ ರಾಡ್ ಬೆರಳಲ್ಲಿ ಶುರು ಮಾಡಿ ತಿರುಗಿಸಿ, ಮರೆ ಹಾಳಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಾಸ್ ಡ್ರಮ್‌ನ ಹೂಪ್ ಪೆಡಲ್ ಕಚ್ಚುವ ಜಾಗದಲ್ಲಿ ಎಷ್ಟು ಸವೆದಿದೆ ನೋಡಿ. ಹೆಡ್ ಬಿಚ್ಚಿದ ಟಾಮ್‌ನ ಬಾಯಿಗೆ ಟೇಪು ಹಿಡಿದು ಎರಡು ಮೂರು ದಿಕ್ಕಿನಲ್ಲಿ ಅಳೆಯಿರಿ. ಮಾಸಿದ ಬಣ್ಣ, ಗೀರು, ತುಕ್ಕು ಹಿಡಿದ ನಟ್, ಕಳೆದ ರಬ್ಬರ್ ಇವಕ್ಕೆಲ್ಲ ಬೆಲೆ ಇಳಿಸಿ ಕೇಳಬಹುದು, ತಂದು ಸರಿ ಮಾಡಿಕೊಳ್ಳಬಹುದು. ಅಳತೆಗಳು ಕಣ್ಣಿಗೆ ಕಾಣುವಷ್ಟು ಬೇರೆ ಬೇರೆ ಬಂದರೆ ಶೆಲ್ ಗುಂಡಗೆ ಉಳಿದಿಲ್ಲ. ಅಂಥದ್ದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.